ಅಪೊಲೊ–ಸೊಯುಜ್‌ನಿಂದ ಸ್ಪೇಡೆಕ್ಸ್‌ವರೆಗೆ: ಪೈಪೋಟಿಯ ದೇಶಗಳು ಏನು ಹಂಚಿಕೊಂಡವು, ಏನು ಬಿಟ್ಟುಕೊಡಲಿಲ್ಲ?

ಧ್ರುವಪಥ

1975ರ ಜುಲೈ 17ರಂದು ಅಮೆರಿಕದ ಅಪೊಲೊ ಮತ್ತು ಸೋವಿಯತ್ ಒಕ್ಕೂಟದ ಸೊಯುಜ್ ನೌಕೆಗಳು ಕಕ್ಷೆಯಲ್ಲಿ ಕೂಡಿಕೊಂಡದ್ದು ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಫೋಟೊ ಮಾತ್ರ. ಅವುಗಳ ನಾಯಕರಾದ ಟಾಮ್ ಸ್ಟಾಫರ್ಡ್ ಮತ್ತು ಅಲೆಕ್ಸಿ ಲಿಯೊನೊವ್ ಹ್ಯಾಚ್ ಬಾಯಲ್ಲಿ ಕೈ ಕುಲುಕುತ್ತಿದ್ದಾರೆ, ಅಷ್ಟೆ. 1972ರ ಮೇ 24ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ಪ್ರಧಾನಿ ಕೊಸಿಗಿನ್ ಮಾಸ್ಕೋದಲ್ಲಿ ಸಹಿ ಹಾಕಿದರು, ಮೂರು ವರ್ಷಕ್ಕೆ ನೌಕೆಗಳು ಹಾರಿದವು, ಆಮೇಲೆ ಇಪ್ಪತ್ತು ವರ್ಷ ಅಂಥ ಇನ್ನೊಂದು ಜೋಡಣೆ ನಡೆಯಲಿಲ್ಲ. ಹಾಗಾಗಿ ಅದೊಂದು ತೋರಿಕೆಯ ಕೆಲಸ ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಹಾರಾಟಕ್ಕೆಂದು ಮಾಡಿದ, ಎರಡು ನೌಕೆಗಳನ್ನು ಹಿಡಿದು ಕೂಡಿಸುವ ಜೋಡಣೆಯ ಬಳೆಯ ವಂಶ ಇವತ್ತಿಗೂ ಬೆಳೆಯುತ್ತಿದೆ. ಅಮೆರಿಕದ ಶಟಲ್ ರಷ್ಯಾದ ಮಿರ್ ನಿಲ್ದಾಣಕ್ಕೆ ಸೇರಿದ ಶಟಲ್–ಮಿರ್, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಚೀನಾದ ಶೆಂಝೌ ನೌಕೆ, ಈಗ ಇಸ್ರೊ ಎರಡು ಉಪಗ್ರಹ ಜೋಡಿಸಿದ ಸ್ಪೇಡೆಕ್ಸ್, ಎಲ್ಲ ಕಡೆಯೂ ಆ ಕಲ್ಪನೆ ಕಾಣುತ್ತದೆ. ನನ್ನ ಪ್ರಕಾರ, ಪೈಪೋಟಿಯಲ್ಲಿರುವ ದೇಶಗಳ ನಡುವೆ ಬಾಳಿಕೆ ಬಂದ ಸಹಕಾರವೆಲ್ಲ ಇಂಥ ತೆಳ್ಳನೆಯ ಗಡಿಯೊಂದರ ಮೇಲೆ ನಿಂತಿದೆ. ಬಳೆಯ ಅಳತೆ ಇಬ್ಬರದೂ, ಬಳೆಯ ಹಿಂದಿನ ಯಂತ್ರ ಅವರವರದು. ಯಂತ್ರ ಮಾಡುವ ವಿದ್ಯೆಯನ್ನೇ ಕೊಡಬೇಕಾದ ಒಪ್ಪಂದಕ್ಕೆ ಏನಾಯಿತು ಅನ್ನುವುದಕ್ಕೆ ನಮ್ಮ ಕ್ರಯೊಜೆನಿಕ್ (ಅತಿಶೀತ ದ್ರವ ಇಂಧನದ) ಎಂಜಿನ್ನೇ ಸಾಕ್ಷಿ.

ಯಂತ್ರಭಾಗಗಳು, ಅಳತೆಗಳು, ಎಲ್ಲಿ ಏಕೆ ಕೆಟ್ಟಿತು, ಈ ಮಟ್ಟದಲ್ಲಿ ಬಲ್ಲವರು ಬರೆಯಬೇಕೆಂದು ಕೋರಿಕೆ.

ಕೊಕ್ಕೆಚಿಲಕ

ಬಳೆಯಿಂದಲೇ ಶುರುಮಾಡೋಣ. ಅದಕ್ಕೂ ಮುಂಚೆ ಎರಡೂ ದೇಶಗಳ ಹತ್ತಿರ ಇದ್ದದ್ದು ಕಡ್ಡಿ–ಕೊಳವೆ ಪದ್ಧತಿ. ಒಂದು ನೌಕೆಯ ಮೂತಿಯಲ್ಲಿ ಉದ್ದನೆಯ ಕಡ್ಡಿ, ಇನ್ನೊಂದರಲ್ಲಿ ಆಲಿಕೆಯಂಥ ಗುಳಿ. ಕಡ್ಡಿಯ ತುದಿ ಆಲಿಕೆಯ ಗೋಡೆ ಸವರಿಕೊಂಡು ತಳಕ್ಕೆ ಜಾರುತ್ತದೆ, ತಳದಲ್ಲಿ ಚಿಲಕ ಬೀಳುತ್ತದೆ, ಆಮೇಲೆ ಕಡ್ಡಿಯನ್ನು ಎಳೆದುಕೊಂಡರೆ ಎರಡು ಮೈ ಅಂಟಿಕೊಳ್ಳುತ್ತವೆ. ಹಗುರ, ಸರಳ, ಇವತ್ತಿನ ಸೊಯುಜ್‌ನಲ್ಲೂ ಇದೆ. ತೊಂದರೆ ಎರಡು. ಕಡ್ಡಿ ಇರುವ ನೌಕೆ ಕಡ್ಡಿ ಇರುವ ನೌಕೆಗೆ ಸೇರುವುದಿಲ್ಲ, ಹಾಗಾಗಿ ಯಾರು ಯಾರನ್ನು ರಕ್ಷಿಸಲು ಹೋಗಬಹುದು ಎಂಬುದು ಹಾರುವ ಮೊದಲೇ ತೀರ್ಮಾನವಾಗಿಬಿಡುತ್ತದೆ. ಎರಡನೆಯದು, ಕಡ್ಡಿ ಕೂರುವುದು ನಡುದಾರಿಯಲ್ಲೇ. ಅದನ್ನು ಕಳಚದೆ ಮನುಷ್ಯ ಆಚೆ ದಾಟುವಂತಿಲ್ಲ.

ಇದಕ್ಕೆ ರಾಜಕೀಯದ ಬಣ್ಣವೂ ಇತ್ತು. ಕಡ್ಡಿ ಯಾರದು, ಗುಳಿ ಯಾರದು ಎಂದರೆ ಯಾರು ಮುಂದೆ ನಡೆಯುವವರು, ಯಾರು ಸುಮ್ಮನೆ ನಿಲ್ಲುವವರು ಎಂಬ ಪ್ರಶ್ನೆಯೇ. ಸೋವಿಯತ್ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾಟ್ನಿಕೊವ್ ಮತ್ತು ಅಮೆರಿಕದ ಕಾಲ್ಡ್‌ವೆಲ್ ಜಾನ್ಸನ್ ತಂಡಗಳು ಕೂಡಿ ಒಪ್ಪಿದ ವಿನ್ಯಾಸದಲ್ಲಿ ಎರಡೂ ಬದಿ ಒಂದೇ ರೂಪ. ಹೆಸರು ಅಪಾಸ್-75. ಬಳೆಯ ಮೇಲೆ ಮೂರು ದಳ, ಪ್ರತಿ ದಳದಲ್ಲಿ ಒಂದು ಹಿಡಿಯುವ ಚಿಲಕ. ಒಬ್ಬರು ಬಳೆ ಹೊರಚಾಚಿ ಮುಂದೆ ಬಂದರೆ ಇನ್ನೊಬ್ಬರು ಬಳೆ ಒಳಗೆಳೆದುಕೊಂಡು ಕಾಯುತ್ತಾರೆ. ಮಾರನೆಯ ದಿನ ಪಾತ್ರ ಅದಲುಬದಲು ಮಾಡಬಹುದು.

ಕೆಲಸದ ಕ್ರಮ ಹೀಗೆ. ದಳಗಳು ಒಂದರ ಸಂದಿಯಲ್ಲಿ ಇನ್ನೊಂದು ಕೂತು ತಾವಾಗಿ ನೇರವಾಗುತ್ತವೆ. ಮೂರು ಚಿಲಕ ಬೀಳುತ್ತವೆ. ನೌಕೆಗಳ ಓಲಾಟವನ್ನು ಡ್ಯಾಂಪರ್ ನುಂಗುತ್ತದೆ. ಬಳೆ ಹಿಂದೆ ಸರಿದು ಎರಡು ಚಾಚುಪಟ್ಟಿ ಮುಟ್ಟುತ್ತವೆ. ಎಂಟು ಗಟ್ಟಿ ಕೊಕ್ಕೆಗಳು ಎಳೆದು ರಬ್ಬರ್ ಸೀಲ್‌ಗಳನ್ನು ಹಿಸುಕುತ್ತವೆ. ಎರಡೂ ಬದಿ ಒಂದೇ ರೂಪವಾದ್ದರಿಂದ ರಬ್ಬರಿನ ಮೇಲೆ ರಬ್ಬರೇ ಕೂರಬೇಕು, ಲೋಹದ ಮೇಲಲ್ಲ.

ಧ್ರುವಪಥ ಅವರ ಮಾತಿಗೆ ಇಲ್ಲೇ ಪುರಾವೆ ಇದೆ. ಸೋವಿಯತ್ ಬದಿಯ ಡ್ಯಾಂಪರ್ ಗೇರು ಮತ್ತು ಮೋಟಾರಿನದು, ಅಮೆರಿಕದ್ದು ಎಣ್ಣೆ ತುಂಬಿದ ಹೈಡ್ರಾಲಿಕ್. ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಪ್ಪಿಕೊಂಡದ್ದು ದಳದ ಕೋನ, ಚಿಲಕದ ಸ್ಥಾನ, ಕೊಕ್ಕೆಯ ಅಳತೆ, ತಡೆದುಕೊಳ್ಳಬೇಕಾದ ಬಲ. ಮೊದಲು ಐದರಲ್ಲಿ ಎರಡು ಪಾಲಿನ ಮಾದರಿ ಮಾಡಿ ಜೋಡಿಸಿ ನೋಡಿದರು, ಆಮೇಲೆ ಪೂರ್ಣ ಗಾತ್ರ. 1974ರ ಡಿಸೆಂಬರ್‌ನಲ್ಲಿ ಸೊಯುಜ್ 16 ಎದುರು ನೌಕೆಯ ಬದಲಿಗೆ ಒಂದು ಅಣಕು ಬಳೆ ಕಟ್ಟಿಕೊಂಡು ಹೋಗಿ ಕಕ್ಷೆಯಲ್ಲಿ ಇಡೀ ಕ್ರಮವನ್ನು ಪರೀಕ್ಷಿಸಿತು.

ನೀಲಿಚುಕ್ಕಿ

ಬಳೆ ಸರಿಯಾದರೂ ಗಾಳಿ ಹೊಂದುತ್ತಿರಲಿಲ್ಲ. ಇದನ್ನು ಬಿಟ್ಟರೆ ಆ ಹಾರಾಟದ ಅರ್ಧ ಎಂಜಿನಿಯರಿಂಗ್ ಬಿಟ್ಟಂತೆ.

ಅಪೊಲೊ ಒಳಗೆ ಶುದ್ಧ ಆಮ್ಲಜನಕ, ಒತ್ತಡ ಸುಮಾರು 260 ಮಿಲಿಮೀಟರ್ ಪಾದರಸ. ಸೊಯುಜ್ ಒಳಗೆ ನೆಲದ ಮೇಲಿನಂಥದೇ ಗಾಳಿ, 760. ಸೊಯುಜ್‌ನಿಂದ ನೇರ ಅಪೊಲೊಗೆ ದಾಟಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಹೊರಡುತ್ತದೆ, ಆಳದಿಂದ ಗಬಕ್ಕನೆ ಮೇಲೆ ಬಂದ ಮುಳುಗುಗಾರನಿಗೆ ಆಗುವಂತೆ. ಲೆಕ್ಕ ಸುಲಭ. 760ರಲ್ಲಿ ಸಾರಜನಕದ ಪಾಲು ಸುಮಾರು 600. ಅದನ್ನು ಹೊಸ ಜಾಗದ ಒಟ್ಟು ಒತ್ತಡ 260ರಿಂದ ಭಾಗಿಸಿದರೆ 2.3 ಬರುತ್ತದೆ. ಅಪಾಯ. ತಡೆಯಬೇಕಾದರೆ ಮೊದಲೇ ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಉಸಿರಾಡಿ ಸಾರಜನಕ ಹೊರಹಾಕಬೇಕು. ಎರಡು ದಿನದ ಭೇಟಿಯಲ್ಲಿ ಅಷ್ಟು ಸಮಯ ಎಲ್ಲಿ?

ಪರಿಹಾರವನ್ನು ಎರಡೂ ಕಡೆಯವರು ಹಂಚಿಕೊಂಡರು. ಸೋವಿಯತ್ತರು ಸೊಯುಜ್‌ನ ಒತ್ತಡವನ್ನು 520ಕ್ಕೆ ಇಳಿಸಿದರು. ಆಮ್ಲಜನಕದ ಪಾಲು ಹೆಚ್ಚುಕಡಿಮೆ ಹಾಗೇ ಇಟ್ಟು ಸಾರಜನಕ ತೆಗೆದದ್ದರಿಂದ ಮೇಲಿನ ಅನುಪಾತ 1.4ರ ಆಸುಪಾಸಿಗೆ ಬಂತು. ಅಮೆರಿಕನ್ನರು ನಡುವೆ ಒಂದು ಡಾಕಿಂಗ್ ಮಾಡ್ಯೂಲ್ ಕಟ್ಟಿದರು: 3.15 ಮೀಟರ್ ಉದ್ದ, ಸುಮಾರು 1.4 ಮೀಟರ್ ಅಗಲ, 2 ಟನ್ ತೂಕದ ಉರುಳೆ. ಒಂದು ತುದಿಯಲ್ಲಿ ಅಪೊಲೊದ ಹಳೆಯ ಆಲಿಕೆ, ಇನ್ನೊಂದು ತುದಿಯಲ್ಲಿ ಹೊಸ ಬಳೆ. ಅಪೊಲೊ ಅದನ್ನು ತನ್ನ ರಾಕೆಟ್ಟಿನ ಮೇಲ್ಹಂತದಿಂದ, ಚಂದ್ರಯಾನಗಳಲ್ಲಿ ಲ್ಯಾಂಡರ್ ಎಳೆದುಕೊಳ್ಳುತ್ತಿದ್ದ ಹಾಗೆಯೇ, ಎಳೆದುಕೊಂಡಿತು.

ದಾಟುವ ಕ್ರಮ: ಇಬ್ಬರು ಅಪೊಲೊ ಕಡೆಯಿಂದ ಮಾಡ್ಯೂಲಿಗೆ ಬರುತ್ತಾರೆ, ಹಿಂದಿನ ಬಾಗಿಲು ಹಾಕುತ್ತಾರೆ, ಸಾರಜನಕ ಬಿಟ್ಟು ಒತ್ತಡವನ್ನು ಸೊಯುಜ್ ಮಟ್ಟಕ್ಕೆ ಏರಿಸುತ್ತಾರೆ, ಎರಡೂ ಬದಿಯ ಒತ್ತಡ ಸಮ ಆದಮೇಲೆ ಮುಂದಿನ ಬಾಗಿಲು. ಮೊದಲ ಸಲ ಮಾಡ್ಯೂಲ್ ತೆರೆದಾಗ ಸುಟ್ಟ ಅಂಟಿನಂಥ ವಾಸನೆ ಬಂದು ಕೆಲಸ ಸ್ವಲ್ಪ ನಿಂತಿತ್ತು. ಆಮೇಲೆ ಅಪಾಯವಿಲ್ಲ ಎಂದು ಮುಂದುವರಿದರು. ಜೋಡಣೆಯಾಗಿ ಸುಮಾರು ಮೂರು ಗಂಟೆ ಕಳೆದ ಮೇಲೆ ಕೈಕುಲುಕಿದ್ದು ಈ ಎಲ್ಲ ಕೆಲಸದಿಂದಾಗಿಯೇ.

ಸಹ್ಯಾದ್ರಿ

ಒಂದು ಸೇರಿಸಲೇಬೇಕು. ಜುಲೈ 19ರಂದು ಎರಡನೇ ಬಾರಿ ಜೋಡಿಸಿದರು. ಆ ಸಲ ಬಳೆ ಚಾಚಿದ್ದು ಸೊಯುಜ್, ಅಪೊಲೊ ಓಡಿಸಿದ್ದು ಡೀಕ್ ಸ್ಲೇಟನ್. ಚಿಲಕ ಬಿದ್ದ ಮೇಲೆ ಅಪೊಲೊದ ದಿಕ್ಕು ತಿದ್ದುವ ಒಂದು ಸಣ್ಣ ಎಂಜಿನ್ (ಥ್ರಸ್ಟರ್) ಉರಿದು ಎರಡೂ ನೌಕೆಗಳು ಪಕ್ಕಕ್ಕೆ ಓಲಾಡಿದವು. ಸೋವಿಯತ್ ಬದಿಯ ಗೇರು ಡ್ಯಾಂಪರ್ ಅದನ್ನು ತಡೆದುಕೊಂಡಿತು. ಜೋಡಣೆಯ ಯಂತ್ರವನ್ನು ಸರಿಯಾದ ಸಂಪರ್ಕಕ್ಕೆ ಮಾತ್ರ ಲೆಕ್ಕಹಾಕಿದರೆ ಸಾಲದು, ಚಿಲಕ ಬಿದ್ದ ಮೇಲೆ ಎದುರಿನವರ ಥ್ರಸ್ಟರ್ ತಪ್ಪಾಗಿ ಉರಿದರೂ ಉಳಿಯಬೇಕು. ಅದಕ್ಕೇ ಈಗಿನ ಕ್ರಮದಲ್ಲಿ ಮೆದು ಹಿಡಿತ (ಚಿಲಕ ಬಿದ್ದಿದೆ, ಗಟ್ಟಿ ಕೊಕ್ಕೆ ಇನ್ನೂ ಇಲ್ಲ) ಸಿಕ್ಕಿತು ಎಂಬ ಸಂಕೇತ ಬಂದ ಕೂಡಲೇ ದಿಕ್ಕು ನಿಯಂತ್ರಣ ಆಫ್ ಆಗಬೇಕು. ಎರಡು ನೌಕೆಗಳು ತಮ್ಮ ತಮ್ಮ ದಿಕ್ಕು ಸರಿಪಡಿಸಲು ಹೊರಟರೆ ಒಂದನ್ನೊಂದು ತಿರುಚುತ್ತವೆ.

ಧ್ರುವಪಥ

ಇಂಥದ್ದೇ ಬೇಕಿತ್ತು, ಮೂವರಿಗೂ ವಂದನೆ. ಈಗ 1993ಕ್ಕೆ ಬರೋಣ. ಬಳೆ ಗೆದ್ದದ್ದೂ ಎಂಜಿನ್ ಸೋತದ್ದೂ ಒಂದೇ ವರ್ಷ.

ಕೊಕ್ಕೆಚಿಲಕ

ಬಳೆಯ ಭಾಗ ನಾನು ಬರೆಯುತ್ತೇನೆ, ಎಂಜಿನ್ ಬಗ್ಗೆ ಶೀತಲಜ್ವಾಲೆ ಅವರು ಬರೆಯಲಿ.

ಸೋವಿಯತ್ತರು ಬಳೆಯನ್ನು ಕೈಬಿಡಲಿಲ್ಲ. ತಮ್ಮ ಬುರಾನ್ ಶಟಲ್ ಮಿರ್‌ಗೆ ಸೇರಲಿ ಎಂದು ಅಪಾಸ್-89 ಮಾಡಿದರು. ದೊಡ್ಡ ಬದಲಾವಣೆ: ದಳಗಳು ಹೊರಬಾಗುವ ಬದಲು ಒಳಬಾಗಿದವು, ನಡುವಿನ ದಾರಿ 800 ಮಿಲಿಮೀಟರ್, ಗಟ್ಟಿ ಕೊಕ್ಕೆಗಳು ಎಂಟರಿಂದ ಹನ್ನೆರಡಕ್ಕೆ ಏರಿದವು. 1990ರಲ್ಲಿ ಹಾರಿದ ಮಿರ್‌ನ ಕ್ರಿಸ್ಟಲ್ ಘಟಕದಲ್ಲಿ ಈ ಬಳೆ ಇತ್ತು. ಬುರಾನ್ ಮಾತ್ರ 1988ರ ನವೆಂಬರ್ 15ರಂದು ಒಮ್ಮೆ ಮನುಷ್ಯರಿಲ್ಲದೆ ಹಾರಿ ನಿಂತುಹೋಯಿತು. ಬುರಾನ್‌ಗೆಂದು ಮಾಡಿದ ಬಾಗಿಲು ಮಿರ್‌ನಲ್ಲಿ ಖಾಲಿ ಉಳಿಯಿತು. 1993ರ ಜನವರಿಯಲ್ಲಿ ಸೊಯುಜ್ ಟಿಎಂ-16 ಆ ಬಳೆ ತೊಟ್ಟು ಹೋಗಿ ಅದೇ ಬಾಗಿಲಿಗೆ ಕೂಡಿಕೊಂಡು ಪರೀಕ್ಷಿಸಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಮತ್ತು ರಷ್ಯಾದ ಪ್ರಧಾನಿ ಚೆರ್ನೊಮಿರ್ದಿನ್ ಒಪ್ಪಂದವಾಗಿ ಎರಡು ದೇಶದ ನಿಲ್ದಾಣ ಯೋಜನೆಗಳು ಒಂದಾದವು. ಅಮೆರಿಕ ಬಳೆಯನ್ನು ರಷ್ಯಾದಿಂದಲೇ ಕೊಂಡು ತನ್ನ ಶಟಲ್‌ಗೆ ಕೂರಿಸಿತು. 1995ರ ಜೂನ್ 29ರಂದು ಅಟ್ಲಾಂಟಿಸ್ ಕ್ರಿಸ್ಟಲ್‌ಗೆ ಸೇರಿದಾಗ ಒಟ್ಟು ತೂಕ ಸುಮಾರು 225 ಟನ್. 1998ರವರೆಗೆ ಒಂಬತ್ತು ಜೋಡಣೆ. ಎದುರಾಳಿಯ ಶಟಲ್‌ಗೆ ಮಾಡಿದ ಬಾಗಿಲಲ್ಲಿ ಅಮೆರಿಕದ ಶಟಲ್ ನಿಂತಿತು.

ಈ ಬಳೆಯ ಒಂದು ದೌರ್ಬಲ್ಯವನ್ನೂ ಹೇಳಬೇಕು. ಚಿಲಕ ಬೀಳಬೇಕಾದರೆ ಸ್ಪ್ರಿಂಗನ್ನು ತಳ್ಳುವಷ್ಟು ಒತ್ತಬೇಕು. ಶಟಲ್ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ ಬಂದು, ಮುಟ್ಟಿದ ಕ್ಷಣ ಥ್ರಸ್ಟರ್ ಉರಿಸಿ ಒತ್ತುತ್ತಿತ್ತು. ನೂರು ಟನ್ನಿನ ಶಟಲ್‌ಗೆ ಇದು ಸರಿ. ಹಗುರ ನೌಕೆ ಹಾಗೆ ಮಾಡಹೋದರೆ ಚಿಲಕ ಬೀಳುವ ಮೊದಲೇ ಪುಟಿದು ಹಿಂದೆ ಹೋಗುತ್ತದೆ.

ಶೀತಲಜ್ವಾಲೆ

ಎಂಜಿನ್ ಕಥೆಯಲ್ಲಿ ತಾಂತ್ರಿಕ ವಿವರ ಬಿಟ್ಟು ಬರೀ ಆಕ್ರೋಶ ಬರೆಯುವುದು ನಮ್ಮಲ್ಲಿ ಅಭ್ಯಾಸವಾಗಿದೆ. ಹಾಗಾಗಿ ರಷ್ಯಾದಿಂದ ನಮಗೆ ಬರಬೇಕಿದ್ದ ಎಂಜಿನ್ ಕೆವಿಡಿ-1 ಏನೆಂಬುದು ಮೊದಲು.

ಇದರ ಮೂಲ 11ಡಿ56, ಸೋವಿಯತ್ ಚಂದ್ರ ರಾಕೆಟ್ ಎನ್1ರ ಮೇಲ್ಹಂತಕ್ಕೆಂದು ಇಸಾಯೆವ್ ವಿನ್ಯಾಸ ಬ್ಯೂರೊ ಮಾಡಿದ್ದು. ಚಂದ್ರನ ಪೈಪೋಟಿ ಮುಗಿದಾಗ ಕಪಾಟು ಸೇರಿತು. ದ್ರವ ಜಲಜನಕ, ದ್ರವ ಆಮ್ಲಜನಕ, ಸುಮಾರು 7.5 ಟನ್ ಒತ್ತುಬಲ, ಹಂತಹಂತದ ದಹನ. ಅಂದರೆ ಸ್ವಲ್ಪ ಇಂಧನ ಮೊದಲೊಂದು ಕೋಣೆಯಲ್ಲಿ ಉರಿದು ಟರ್ಬೈನ್ ತಿರುಗಿಸುತ್ತದೆ, ಆ ಅನಿಲ ವ್ಯರ್ಥವಾಗದೆ ಮುಖ್ಯ ಕೋಣೆಗೆ ಹೋಗಿ ಮತ್ತೆ ಉರಿಯುತ್ತದೆ. ದಕ್ಷತೆ ಬಹಳ ಹೆಚ್ಚು, ಚಾಲೂ ಮಾಡುವುದು ಬಹಳ ಕಷ್ಟ. ದ್ರವ ಜಲಜನಕ ಮೈನಸ್ 253 ಡಿಗ್ರಿ, ಪಕ್ಕದಲ್ಲೇ ಬಿಸಿ ಟರ್ಬೈನ್. ನಡುವಿನ ಬೇರಿಂಗ್ ಮತ್ತು ಸೀಲ್‌ಗಳ ಸಂದು ಕುಗ್ಗುವುದನ್ನೂ ಹಿಗ್ಗುವುದನ್ನೂ ಸರಿಯಾಗಿ ಲೆಕ್ಕಹಾಕಿ ಬಿಟ್ಟಿರಬೇಕು.

1991ರಲ್ಲಿ ಇಸ್ರೊ ಮತ್ತು ಸೋವಿಯತ್ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ನಡುವೆ ಎಂಜಿನ್ ಜೊತೆಗೆ ತಯಾರಿಕೆಯ ವಿದ್ಯೆಯೂ ಬರುವ ಒಪ್ಪಂದವಾಯಿತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯ ಹೆಸರಿನಲ್ಲಿ ಅಮೆರಿಕ 1992ರ ಮೇನಲ್ಲಿ ಇಬ್ಬರ ಮೇಲೂ ಎರಡು ವರ್ಷದ ನಿರ್ಬಂಧ ಹಾಕಿತು. ಗಂಟೆಗಟ್ಟಲೆ ತುಂಬಿ ತಣಿಸಬೇಕಾದ ಎಂಜಿನ್ ಕ್ಷಿಪಣಿಗೆ ಉಪಯೋಗವಿಲ್ಲ ಎಂಬ ಭಾರತದ ವಾದ ತಾಂತ್ರಿಕವಾಗಿ ಗಟ್ಟಿಯಾಗಿತ್ತು. ಆದರೂ 1993ರ ಜುಲೈನಲ್ಲಿ ರಷ್ಯಾ ತಂತ್ರಜ್ಞಾನ ವರ್ಗಾವಣೆಯಿಂದ ಹಿಂದೆ ಸರಿಯಿತು. ಎರಡು ತಿಂಗಳಲ್ಲಿ ಕೊಕ್ಕೆಚಿಲಕ ಅವರು ಹೇಳಿದ ನಿಲ್ದಾಣ ಒಪ್ಪಂದ. ನಮಗೆ ಕೊನೆಗೆ ಬಂದದ್ದು ಏಳು ಸಿದ್ಧ ಹಂತಗಳು, ಮಾಡುವ ವಿದ್ಯೆ ಇಲ್ಲ.

ಆಮೇಲಿನದ್ದು ತಮಿಳುನಾಡಿನ ಮಹೇಂದ್ರಗಿರಿಯ ಪರೀಕ್ಷಾ ಕಟ್ಟೆಯಲ್ಲಿ ಕಲಿತದ್ದು. 2010ರ ಏಪ್ರಿಲ್ 15ರಂದು ನಮ್ಮದೇ ಎಂಜಿನ್ ಹೊತ್ತ ಇಸ್ರೊ ರಾಕೆಟ್ ಜಿಎಸ್‌ಎಲ್‌ವಿ-ಡಿ3 ವಿಫಲವಾಯಿತು. ಇಂಧನದ ಬೂಸ್ಟರ್ ಟರ್ಬೊ ಪಂಪ್ ತಿರುಗಿ ವೇಗ ಪಡೆದು ಆಮೇಲೆ ನಿಂತುಬಿಟ್ಟಿತು. ಜಲಜನಕ ಬರದಿದ್ದರೆ ಒತ್ತುಬಲ ಎಲ್ಲಿಂದ? 2013ರ ಆಗಸ್ಟ್‌ನ ಪ್ರಯತ್ನವನ್ನು ಎರಡನೇ ಹಂತದಲ್ಲಿ ಇಂಧನ ಸೋರಿದ್ದರಿಂದ ನಿಲ್ಲಿಸಿದರು. 2014ರ ಜನವರಿ 5ರಂದು ಡಿ5 ಗೆದ್ದಿತು. 1993ರಿಂದ ಎಣಿಸಿದರೆ ಇಪ್ಪತ್ತು ವರ್ಷ ದಾಟಿತ್ತು.

ಸಹ್ಯಾದ್ರಿ

ಶೀತಲಜ್ವಾಲೆ ಸರ್, ಕೊಂಡು ತಂದ ಹಂತಗಳಲ್ಲೂ ಗಡಿಯ ಪಾಠ ಇದೆ. 2010ರ ಡಿಸೆಂಬರ್ 25ರ ಜಿಎಸ್‌ಎಲ್‌ವಿ-ಎಫ್06 ಹಾರಾಟ ನೋಡಿ. ಹಾರಿದ ಸುಮಾರು 47 ಸೆಕೆಂಡಿಗೆ ನಿಯಂತ್ರಣ ಹೋಯಿತು. ಎಂಜಿನ್ ಅಷ್ಟು ಹೊತ್ತಿಗೆ ಹೊತ್ತಿಕೊಂಡೇ ಇರಲಿಲ್ಲ. ರಷ್ಯಾದ ಕ್ರಯೊಜೆನಿಕ್ ಹಂತದ ಬುಡದಲ್ಲಿದ್ದ ಕನೆಕ್ಟರ್‌ಗಳು ಕಿತ್ತುಬಂದವು. ರಾಕೆಟ್ಟಿನ ಕಂಪ್ಯೂಟರ್ ಇರುವುದು ತುದಿಯ ಉಪಕರಣ ಕೋಣೆಯಲ್ಲಿ, ತಿರುಗಬೇಕಾದ ಎಂಜಿನ್‌ಗಳು ಬುಡದಲ್ಲಿ, ನಡುವಿನ ತಂತಿ ಕಡಿದರೆ ಆಜ್ಞೆ ಕೆಳಗೆ ಇಳಿಯುವುದಿಲ್ಲ. ಒಬ್ಬರ ಹಂತ ಇನ್ನೊಬ್ಬರ ರಾಕೆಟ್ ಸೇರುವ ಜಾಗದಲ್ಲಿ ಪ್ರತಿ ಕನೆಕ್ಟರ್ ಎಷ್ಟು ಎಳೆತ ತಾಳುತ್ತದೆ, ಹೊರಗಿನ ಹೊದಿಕೆ ಗಾಳಿಯ ಒತ್ತಡಕ್ಕೆ ಎಷ್ಟು ಬಾಗುತ್ತದೆ, ಈ ಎರಡನ್ನೂ ಒಟ್ಟಿಗೆ ಲೆಕ್ಕಹಾಕಬೇಕು.

ನೀಲಿಚುಕ್ಕಿ

ಸಹಕಾರದ ಗಡಿ ದೇಶ ಒಡೆದಾಗಲೂ ಮೂಡುತ್ತದೆ. ಸೊಯುಜ್ ಮತ್ತು ಸರಕು ಹೊರುವ ಪ್ರೊಗ್ರೆಸ್ ನೌಕೆಗಳಿಗೆ ನಿಲ್ದಾಣ ಹುಡುಕಿಕೊಡುವ ಕುರ್ಸ್ ರೇಡಿಯೊ ಉಪಕರಣ ತಯಾರಾಗುತ್ತಿದ್ದದ್ದು ಕೀವ್‌ನಲ್ಲಿ. 1991ರ ನಂತರ ರಷ್ಯಾಕ್ಕೆ ಅದು ಹೊರದೇಶದ ಸರಕು, ಹಣ ಕೊಟ್ಟು ತರಬೇಕು. ಖರ್ಚು ಉಳಿಸಲು ಕೈಯಿಂದ ಓಡಿಸುವ ಟೊರು ಪದ್ಧತಿಯನ್ನು ಮಿರ್‌ನಲ್ಲಿ ಪರೀಕ್ಷಿಸಿದರು.

1997ರ ಜೂನ್ 25. ರಷ್ಯಾದ ಗಗನಯಾತ್ರಿ ವಾಸಿಲಿ ತ್ಸಿಬ್ಲಿಯೆವ್ ಮಿರ್ ಒಳಗೆ ಕೂತು, ಪ್ರೊಗ್ರೆಸ್ ಎಂ-34ರ ಕ್ಯಾಮೆರಾ ಕಳಿಸುವ ಚಿತ್ರವನ್ನು ಟಿವಿ ಪರದೆಯಲ್ಲಿ ನೋಡುತ್ತ ಅದನ್ನು ಓಡಿಸುತ್ತಿದ್ದಾರೆ. ಕುರ್ಸ್‌ನ ರಾಡಾರ್ ಆಫ್. ಹಾಗಾಗಿ ದೂರ ಎಷ್ಟು, ವೇಗ ಎಷ್ಟು ಎಂಬ ಅಂಕಿ ಇಲ್ಲ. ಪರದೆಯಲ್ಲಿ ಮಿರ್ ಎಷ್ಟು ದೊಡ್ಡದಾಗಿ ಕಾಣುತ್ತಿದೆ ಎಂಬುದರಿಂದಲೇ ಅಂದಾಜು. ಹಿನ್ನೆಲೆಯಲ್ಲಿ ಮೋಡ ತುಂಬಿದ ಭೂಮಿ, ನಿಲ್ದಾಣದ ಆಕಾರ ಅದರಲ್ಲಿ ಕಲಸಿಹೋಗುತ್ತದೆ. ಹತ್ತಿರ ಬಂದದ್ದು ಗೊತ್ತಾಗುವ ಹೊತ್ತಿಗೆ ಬ್ರೇಕ್ ಸಾಲಲಿಲ್ಲ. ಪ್ರೊಗ್ರೆಸ್ ಮಿರ್‌ನ ಸ್ಪೆಕ್ಟರ್ ಘಟಕಕ್ಕೆ ಬಡಿದು ಗೋಡೆ ತೂತಾಯಿತು.

ಗಾಳಿ ಸೋರುತ್ತಿದ್ದಾಗ ಸ್ಪೆಕ್ಟರ್ ಬಾಗಿಲು ಹಾಕಲು ಆಗಲಿಲ್ಲ, ಬಾಗಿಲ ಮೂಲಕ ಕೇಬಲ್‌ಗಳನ್ನು ಹಾಯಿಸಿದ್ದರು. ಕಳಚಬಹುದಾದವನ್ನು ಕಳಚಿ, ಉಳಿದವನ್ನು ಕತ್ತರಿಸಿ ಮುಚ್ಚಳ ಕೂರಿಸಿದರು. ಸ್ಪೆಕ್ಟರ್‌ನ ಸೌರಫಲಕಗಳ ವಿದ್ಯುತ್ತು ಅಲ್ಲಿಗೆ ತಪ್ಪಿಹೋಯಿತು. ಆಗಸ್ಟ್‌ನಲ್ಲಿ ಸೊಲೊವ್ಯೊವ್ ಮತ್ತು ವಿನೊಗ್ರಾದೊವ್ ಒತ್ತಡದ ಉಡುಪು ತೊಟ್ಟು, ಕೇಬಲ್ ದಾಟುವ ತೂತುಗಳಿದ್ದ ಹೊಸ ಮುಚ್ಚಳ ಹಾಕಿ ಒಂದಷ್ಟು ವಿದ್ಯುತ್ತು ಮರಳಿ ಪಡೆದರು. ಡಿಕ್ಕಿಯಾದಾಗ ಒಳಗಿದ್ದ ಮೂವರಲ್ಲಿ ಒಬ್ಬ ನಾಸಾದ ಮೈಕೆಲ್ ಫೋಲ್. ಒಂದು ದೇಶದ ಖರ್ಚು ಉಳಿತಾಯ ಇನ್ನೊಂದು ದೇಶದವನ ಜೀವದ ಮೇಲೂ ಬರುತ್ತದೆ. ಸಹಕಾರದ ಒಪ್ಪಂದದಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನೇ: ಪರೀಕ್ಷೆ ನಡೆಸುವ ಮುನ್ನ ಯಾರ ಒಪ್ಪಿಗೆ ಬೇಕು?

ಕೊಕ್ಕೆಚಿಲಕ

ಬಳೆಯ ಈಗಿನ ರೂಪ: ನಿಲ್ದಾಣದ ಪಾಲುದಾರ ದೇಶಗಳು 2010ರಲ್ಲಿ ಅಂತರರಾಷ್ಟ್ರೀಯ ಡಾಕಿಂಗ್ ಮಾನದಂಡವನ್ನು ಬಹಿರಂಗವಾಗಿ ಪ್ರಕಟಿಸಿದವು. ಯಾರು ಬೇಕಾದರೂ ಓದಿ ತಮ್ಮದೇ ಯಂತ್ರ ಮಾಡಿಕೊಳ್ಳಬಹುದು. ಒಳಬಾಗಿದ ಮೂರು ದಳ, 800 ಮಿಲಿಮೀಟರ್ ದಾರಿ, ಹನ್ನೆರಡು ಜೊತೆ ಕೊಕ್ಕೆ, ಎಲ್ಲ ಅಪಾಸ್-89ರ ಕಡೆಯಿಂದ ಬಂದವು. ಮುಟ್ಟುವಾಗ ಇರಬೇಕಾದ ಮಿತಿಗಳು: ವೇಗ ಸೆಕೆಂಡಿಗೆ 5ರಿಂದ 10 ಸೆಂಟಿಮೀಟರ್, ಪಕ್ಕಕ್ಕೆ ಜಾರುವಿಕೆ ಸೆಕೆಂಡಿಗೆ 4 ಸೆಂಟಿಮೀಟರಿಗಿಂತ ಕಡಿಮೆ, ನಡುಗೆರೆ ತಪ್ಪಿರುವುದು 10 ಸೆಂಟಿಮೀಟರ್ ಒಳಗೆ, ವಾಲಿರುವುದು 4 ಡಿಗ್ರಿ ಒಳಗೆ.

ಶಟಲ್ ನಿಂತ ಮೇಲೆ ನಿಲ್ದಾಣದ ಹಳೆಯ ಬಳೆಯನ್ನು ಹೊಸ ಬಳೆಗೆ ಬದಲಾಯಿಸುವ ಅಡಾಪ್ಟರ್ ಬೇಕಾಯಿತು. ಮೊದಲನೆಯದು 2015ರ ಜೂನ್ 28ರಂದು ಫಾಲ್ಕನ್ ರಾಕೆಟ್ ಸಿಡಿದು ನಾಶವಾಯಿತು. ಎರಡನೆಯದನ್ನು 2016ರ ಆಗಸ್ಟ್‌ನಲ್ಲಿ ಕೂರಿಸಿದರು, ಮೂರನೆಯದು 2019ರಲ್ಲಿ ಹೋಯಿತು. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ಇದ್ದ ಅಮೆರಿಕದ ಡ್ರ್ಯಾಗನ್ ನೌಕೆ ಸೇರಿದ್ದು ಈ ಬಗೆಯ ಅಡಾಪ್ಟರ್‌ಗೇ. 1984ರಲ್ಲಿ ರಾಕೇಶ್ ಶರ್ಮಾ ಅವರ ಸೊಯುಜ್ ಸೋವಿಯತ್ ನಿಲ್ದಾಣ ಸಲ್ಯೂಟ್ 7ಕ್ಕೆ ಸೇರಿದ್ದು ಕಡ್ಡಿ–ಕೊಳವೆಯಿಂದ.

ಹಂಪಿಕಲ್ಲು

ಸ್ಪೇಡೆಕ್ಸ್ ಬಗ್ಗೆ. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ತಲಾ ಸುಮಾರು 220 ಕಿಲೊ ತೂಕದ ಎರಡು ಉಪಗ್ರಹಗಳನ್ನು ಬಿಟ್ಟಿತು. ಕೆಲಸ ಮುನ್ನಡೆಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ, ಹಾರಿದ ಮೇಲೆ ನಡೆಸಿದ್ದು ಬೆಂಗಳೂರಿನದೇ ಇಸ್ಟ್ರಾಕ್ (ಉಪಗ್ರಹಗಳ ಜಾಡು ಹಿಡಿದು ಆಜ್ಞೆ ಕೊಡುವ ಇಸ್ರೊ ಕೇಂದ್ರ). ಎರಡೂ ಬದಿ ಒಂದೇ ರೂಪ, ಅಂಚಿನಲ್ಲಿ ಹಿಡಿಯುವ ಬಳೆ. ಕಲ್ಪನೆ ಅಂತರರಾಷ್ಟ್ರೀಯ ಮಾನದಂಡದ್ದೇ. ಆದರೆ ಅಳತೆ 450 ಮಿಲಿಮೀಟರ್. ಮಾನವ ನೌಕೆಯ 800 ಮಿಲಿಮೀಟರ್ ಬಳೆ ಆರು ಕಾಲುಗಳ ಮೇಲೆ 24 ಮೋಟಾರ್ ಬಳಸಿದರೆ ಇಲ್ಲಿ ಹಿಂದೆಮುಂದೆ ಮಾತ್ರ ಚಲಿಸುವ ಬಳೆ, ಎರಡು ಮೋಟಾರ್. ಮುಟ್ಟುವ ವೇಗ ಸೆಕೆಂಡಿಗೆ 10 ಮಿಲಿಮೀಟರ್ ಆಸುಪಾಸು. ಹಗುರ ನೌಕೆ ಪುಟಿಯುತ್ತದೆ ಎಂದು ಕೊಕ್ಕೆಚಿಲಕ ಅವರು ಹೇಳಿದ ತೊಂದರೆಗೆ ಉತ್ತರ ಈ ನಿಧಾನ.

ನಿಧಾನಕ್ಕೂ ಬೆಲೆ ಇದೆ. ಕಾಲುಗಳು ಓರೆಯನ್ನು ಸರಿಪಡಿಸದ ಕಾರಣ ಉಪಗ್ರಹವೇ ಬಹಳ ನೇರವಾಗಿ ಬರಬೇಕು. ಹಾಗಾಗಿ 5 ಕಿಲೊಮೀಟರ್, 1.5 ಕಿಲೊಮೀಟರ್, 500 ಮೀಟರ್, 225, 15, 3 ಮೀಟರ್, ಹೀಗೆ ನಿಂತು ನಿಂತು ಹೋಗುವ ಕ್ರಮ. ಒಂದೊಂದು ದೂರಕ್ಕೆ ಒಂದೊಂದು ಸೆನ್ಸರ್. ಜನವರಿ ಮೊದಲ ವಾರದ ನಂತರ 225 ಮೀಟರಿಗೆ ಬರುವ ಹೊತ್ತಿಗೆ, ನೆಲದ ಕೇಂದ್ರಗಳಿಗೆ ಕಾಣದ ಅವಧಿ ಮುಗಿದ ಮೇಲೆ ನೋಡಿದರೆ, ಜಾರುವಿಕೆ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ನಿಲ್ಲಿಸಿದರು. 12ರಂದು 15 ಮೀಟರ್, ಆಮೇಲೆ 3 ಮೀಟರ್‌ವರೆಗೆ ಹೋಗಿ ಬೇಕೆಂದೇ ಹಿಂದೆ ಸರಿದರು. 16ರಂದು ಸೇರಿತು. ಮಾರ್ಚ್ 13ರಂದು ಬಿಡಿಸಿ ಏಪ್ರಿಲ್ 20ರಂದು ಮತ್ತೆ ಸೇರಿಸಿ, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿಸಿ ತೋರಿಸಿದರು. ಆ ಹಿಂದೆ ಸರಿದದ್ದನ್ನು ಸೋಲು ಎಂದು ಬರೆದವರಿದ್ದರು. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಅತ್ಯುತ್ತಮ ನಿರ್ಧಾರ ಅದೇ.

ಧ್ರುವಪಥ

ಚೀನಾ ಬಳೆಯ ಬಗ್ಗೆ ಯಾರಾದರೂ?

ಕೊಕ್ಕೆಚಿಲಕ

2011ರ ನವೆಂಬರ್‌ನಲ್ಲಿ ಶೆಂಝೌ 8, ಚೀನಾದ ನಿಲ್ದಾಣ ಟಿಯಾಂಗಾಂಗ್-1ಕ್ಕೆ ಸೇರಿದ ಬಳೆ ಅಪಾಸ್-89ರ ಮನೆತನದ್ದೇ, ನೋಡಿದರೆ ಗೊತ್ತಾಗುತ್ತದೆ: ಒಳಬಾಗಿದ ದಳ, ಅದೇ 800 ಮಿಲಿಮೀಟರ್. ಅದೇ 2011ರಲ್ಲಿ ಅಮೆರಿಕದ ಸಂಸತ್ತು ವುಲ್ಫ್ ತಿದ್ದುಪಡಿ ತಂದು ನಾಸಾ ಚೀನಾದೊಂದಿಗೆ ನೇರ ದ್ವಿಪಕ್ಷೀಯ ಕೆಲಸಕ್ಕೆ ಹಣ ಖರ್ಚು ಮಾಡದಂತೆ ತಡೆಯಿತು. ಬಳೆಗಳು ಸೋದರರಂತಿದ್ದರೂ ಜೋಡಿಸಿ ನೋಡುವ ಪರೀಕ್ಷೆಗೆ ಕೂರುವವರಿಲ್ಲ. ಯುರೋಪು ಬೇರೆ ದಾರಿ ಹಿಡಿಯಿತು. 2024ರಲ್ಲಿ ಚೀನಾದ ಚಾಂಗ್‌ಇ-6 ನೌಕೆ ಚಂದ್ರನ ಆಚೆ ಮಗ್ಗುಲಿಗೆ ಹೋದಾಗ ಫ್ರಾನ್ಸ್, ಇಟಲಿ, ಯುರೋಪಿಯನ್ ಸಂಸ್ಥೆಯ ಉಪಕರಣಗಳನ್ನು ಹೊತ್ತೊಯ್ದಿತು. ಇಟಲಿಯದ್ದು ಲೇಸರ್ ಬೆಳಕನ್ನು ಬಂದ ದಾರಿಯಲ್ಲೇ ಮರಳಿಸುವ ಪ್ರತಿಫಲಕ. ವಿದ್ಯುತ್ತು ಬೇಡ, ದತ್ತಾಂಶದ ತಂತಿ ಬೇಡ, ಬೋಲ್ಟ್ ಹಾಕಿ ಕೂರಿಸಿದರೆ ಸಾಕು. ಗಡಿ ಇಷ್ಟು ತೆಳ್ಳಗಿದ್ದರೆ ರಾಜಕೀಯ ಅಡ್ಡ ಬರುವ ಜಾಗವೂ ಕಡಿಮೆ. ನಮ್ಮ ಚಂದ್ರಯಾನ-3ರ ಲ್ಯಾಂಡರ್ ಮೇಲೂ ನಾಸಾದ ಅಂಥ ಪ್ರತಿಫಲಕ ಇದೆ.

ಶೀತಲಜ್ವಾಲೆ

ಧ್ರುವಪಥ ಅವರ ವಾದಕ್ಕೆ ನಾಸಾ–ಇಸ್ರೊ ಜಂಟಿ ರಾಡಾರ್ ಉಪಗ್ರಹ ನೈಸಾರ್ ಒಳ್ಳೆಯ ಉದಾಹರಣೆ, ಆದರೆ ಗಡಿ ಅಲ್ಲಿ ಅಷ್ಟು ತೆಳ್ಳಗಿಲ್ಲ. ಎಲ್-ಬ್ಯಾಂಡ್ ರಾಡಾರ್ ನಾಸಾದ್ದು, ಎಸ್-ಬ್ಯಾಂಡ್ ಇಸ್ರೊದ್ದು, ಇಬ್ಬರಿಗೂ ಸೇರಿ 12 ಮೀಟರ್ ಅಗಲದ ಒಂದೇ ಜಾಲರಿ ಆಂಟೆನಾ. ಬೆಂಗಳೂರಿನಲ್ಲಿ ಜೋಡಿಸಿದ ಮೇಲೆ, ಮಡಚಿದ ಸ್ಥಿತಿಯಲ್ಲಿ ಬಿಸಿಲಿಗೆ ಆಂಟೆನಾ ಭಾಗಗಳು ಮಿತಿಮೀರಿ ಕಾಯಬಹುದು ಎಂದು ಲೆಕ್ಕ ತೋರಿಸಿತು. ಬಿಚ್ಚಿ ಕ್ಯಾಲಿಫೋರ್ನಿಯಾಗೆ ಕಳಿಸಿ, ಬೆಳಕು ಹಿಮ್ಮೆಟ್ಟಿಸುವ ಲೇಪನ ಕೊಟ್ಟು ಮರಳಿ ತಂದರು. ಒಬ್ಬರ ಭಾಗದ ತಾಪಮಾನದ ಲೆಕ್ಕ ಇಡೀ ಉಪಗ್ರಹವನ್ನು ತಿಂಗಳುಗಟ್ಟಲೆ ನಿಲ್ಲಿಸಿತು. 2025ರ ಜುಲೈ 30ರಂದು ಅದನ್ನು ಮೇಲೊಯ್ದದ್ದು ಜಿಎಸ್‌ಎಲ್‌ವಿ-ಎಫ್16. ಅದರ ಮೇಲ್ಹಂತದಲ್ಲಿ ಉರಿದದ್ದು ನಮ್ಮದೇ ಕ್ರಯೊಜೆನಿಕ್ ಎಂಜಿನ್, ಅದೇ 7.5 ಟನ್ ದರ್ಜೆಯದು. 1992ರಲ್ಲಿ ಯಾವ ವಿದ್ಯೆ ನಮಗೆ ಬರಬಾರದೆಂದು ಅಮೆರಿಕ ತಡೆಯಿತೋ ಆ ವಿದ್ಯೆಯ ಮೇಲೆ ಕೂತು ಅಮೆರಿಕದ ರಾಡಾರ್ ಕಕ್ಷೆಗೆ ಹೋಯಿತು. ಇದನ್ನು ಬರೆಯುವಾಗ ಮನಸ್ಸು ತುಂಬುತ್ತದೆ.

ಹಂಪಿಕಲ್ಲು

ಒಂದು ಪ್ರಶ್ನೆ ಉಳಿದಿದೆ. ಬಳೆ ಹುಟ್ಟಿದ್ದೇ ರಕ್ಷಣೆಗೆ. ಇವತ್ತು ನಿಲ್ದಾಣದಲ್ಲಿ ಸೊಯುಜ್ ಕೆಟ್ಟರೆ ಡ್ರ್ಯಾಗನ್ ಅದರ ಸಿಬ್ಬಂದಿಯನ್ನು ತರಬಲ್ಲದೇ?

ನೀಲಿಚುಕ್ಕಿ

ಆ ಪರಿಸ್ಥಿತಿ ಬಂದೇಬಿಟ್ಟಿತ್ತು. 2022ರ ಡಿಸೆಂಬರ್ ಮಧ್ಯದಲ್ಲಿ ಸೊಯುಜ್ ಎಂಎಸ್-22ರ ತಂಪಾಗಿಸುವ ದ್ರವವೆಲ್ಲ ಸೋರಿಹೋಯಿತು. ಮೂವರು ಒಳಗೆ ಕೂತು ಮರಳಿದರೆ ಕೋಣೆ ವಿಪರೀತ ಕಾಯುತ್ತದೆ. ಒಬ್ಬರು ಕಡಿಮೆಯಾದರೆ ಬಿಸಿಯೂ ತೇವವೂ ಅಷ್ಟು ಕಡಿಮೆ. ಆಗ ಬಳೆಯಿಂದ ಉಪಯೋಗವಾಗಲಿಲ್ಲ, ಸೊಯುಜ್ ಇನ್ನೂ ಕಡ್ಡಿ–ಕೊಳವೆಯದು, ಅದು ರಷ್ಯಾದ ಬದಿಯ ಬಾಗಿಲಿಗಷ್ಟೇ ಸೇರುತ್ತದೆ. ಜನ ನಿಲ್ದಾಣದ ಒಳಗಿಂದ ದಾಟಬೇಕು.

ದಾಟಿದ ಮೇಲಿನ ತೊಡಕು ಬೇರೆ. ಸೊಯುಜ್ ಸೀಟಿನ ಒಳಪದರವನ್ನು ಪ್ರತಿಯೊಬ್ಬರ ಬೆನ್ನಿನ ಅಚ್ಚು ತೆಗೆದು ಮಾಡುತ್ತಾರೆ, ನೆಲಕ್ಕೆ ಬಡಿಯುವ ಹೊಡೆತ ಬೆನ್ನೆಲುಬಿಗೆ ಹಂಚಿಹೋಗಲಿ ಎಂದು. 2023ರ ಜನವರಿಯಲ್ಲಿ ನಾಸಾದ ಫ್ರಾಂಕ್ ರುಬಿಯೊ ಅವರ ಅಚ್ಚನ್ನು ಸೊಯುಜ್‌ನಿಂದ ಬಿಚ್ಚಿ ಡ್ರ್ಯಾಗನ್ ಒಳಗೆ, ನಾಲ್ಕು ಸೀಟುಗಳ ಕೆಳಗೆ ಸಾಮಾನು ಇಡುವ ಜಾಗದಲ್ಲಿ ಪಟ್ಟಿ ಕಟ್ಟಿ ಕೂರಿಸಿದರು. ಅವರ ರಷ್ಯಾದ ಉಡುಪು ಸೊಕೊಲ್. ಅದರ ಗಾಳಿಯ ಕೊಳವೆಯ ತುದಿ ಡ್ರ್ಯಾಗನ್‌ನ ಜೋಡಣೆಗೆ ಕೂರುವಂಥದ್ದಲ್ಲ, ಹಾಗಾಗಿ ತುರ್ತಿನಲ್ಲಿ ಇಳಿಯಬೇಕಾಗಿದ್ದರೆ ಉಳಿದ ನಾಲ್ವರಿಗಿದ್ದ ಉಡುಪಿನ ರಕ್ಷಣೆ ಅವರಿಗೆ ಇರುತ್ತಿರಲಿಲ್ಲ. ಫೆಬ್ರವರಿ 24ರಂದು ಎಂಎಸ್-23 ಖಾಲಿ ಸೀಟುಗಳೊಂದಿಗೆ ಹಾರಿ ಬಂತು, ಅಚ್ಚನ್ನು ಅದಕ್ಕೆ ಸಾಗಿಸಿದರು, ರುಬಿಯೊ ಸೆಪ್ಟೆಂಬರ್ 27ರಂದು 371 ದಿನ ಮುಗಿಸಿ ಅದರಲ್ಲೇ ಇಳಿದರು. ಬಳೆಗೆ 1975ರಲ್ಲೇ ಒಪ್ಪಿದ ಅಳತೆ ಇತ್ತು, 2010ರಿಂದ ಬಹಿರಂಗ ಮಾನದಂಡವೂ ಇದೆ. ಉಡುಪಿನ ಕೊಳವೆಯ ತುದಿಗೆ ಅಂಥದ್ದೊಂದನ್ನು ಎಲ್ಲರೂ ಕೂತು ಬರೆಯಬೇಕಾಗಿದೆ.